ಆಲಿಕಲ್ಲು ಬಿದ್ದ ಮೇಲೆ ಚಾವಣಿ ನೋಡಿದ್ದು: 12 ದಿನದ ಲೆಕ್ಕ, ತಪ್ಪುಗಳ ಸಮೇತ

ಆಲಿಕಲ್ಲು ಬಿದ್ದದ್ದು ಒಟ್ಟು 11 ನಿಮಿಷ. ಅದು ಮಾಡಿದ ಹಾನಿ ಯಾವುದು, ಮೊದಲೇ ಇದ್ದದ್ದು ಯಾವುದು, ನಾನೇ ಮಾಡಿಕೊಂಡದ್ದು ಯಾವುದು ಅಂತ ಬಿಡಿಸಿಕೊಳ್ಳೋಕೆ 12 ದಿನ ಹಿಡಿಯಿತು. ಅದರಲ್ಲಿ ಮೂರು ದಿನವಾದರೂ ನನ್ನ ಆತುರಕ್ಕೇ ಹೋದವು. ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಮನೆಯ ವಿವರ ಮೊದಲು. ನಡುಮನೆಗೆ ಹಳೇ ಮಣ್ಣಿನ ಹಂಚು, ಒಂದಕ್ಕೊಂದು ಕಚ್ಚಿಕೊಳ್ಳುವ ಥರದ್ದು. ಕೆಳಗೆ ಇಳಿಜಾರಿನ ಗುಂಟ ಮರದ ಪಕಾಸು, ಅದರ ಮೇಲೆ ಅಡ್ಡಕ್ಕೆ ಹಂಚು ಸಿಕ್ಕಿಸುವ ರೀಪು. ಹಿಂದೆ ಬಟ್ಟೆ ಒಗೆಯುವ ಜಾಗಕ್ಕೆ ಬಣ್ಣದ ತಗಡಿನ ಶೀಟು. ಮುಂದಿನ ಪೋರ್ಟಿಕೋಗೆ ಪ್ಲೈವುಡ್ ಮೇಲೆ ಡಾಂಬರಿನ ಶಿಂಗಲ್ಸ್, ಅಂದರೆ ಮೇಲೆ ಸಣ್ಣ ಕಲ್ಲುಹರಳು ಅಂಟಿಸಿದ ಡಾಂಬರಿನ ಹಾಳೆ ತುಂಡುಗಳು. ಒಂದೇ ಮನೆಗೆ ಮೂರು ಥರದ ಚಾವಣಿ ಯಾಕೆ ಅಂದರೆ, ಕೈಯಲ್ಲಿ ಕಾಸಿದ್ದಾಗಲೆಲ್ಲ ಒಂದೊಂದು ತುಂಡು ಸೇರಿಸಿ ಕಟ್ಟಿದ ಮನೆ. ಈ ಸಲ ಅದರಿಂದ ಒಂದು ಲಾಭವಾಯಿತು. ಒಂದೇ ಆಲಿಕಲ್ಲು ಮಳೆ ಮೂರು ಥರದ ಚಾವಣಿಗೆ ಏನೇನು ಮಾಡುತ್ತದೆ ಅಂತ ಅಕ್ಕಪಕ್ಕ ಇಟ್ಟು ನೋಡೋಕೆ ಸಿಕ್ಕಿತು.

ದಿನ 1, ಸಂಜೆ: ಮೂರು ತಪ್ಪು

ಸದ್ದು ನಿಂತ ಕೂಡಲೇ ಅಂಗಳಕ್ಕೆ ಓಡಿದೆ. ನೆಲವೆಲ್ಲ ಬೆಳ್ಳಗೆ. ಫೋನ್ ತೆಗೆದು ಹತ್ತಿಪ್ಪತ್ತು ಫೋಟೋ ಹೊಡೆದೆ. ಒಂದರಲ್ಲೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿರಲಿಲ್ಲ. ಆ ಫೋಟೋಗಳಲ್ಲಿ ಕಲ್ಲು ಗೋಲಿಯಷ್ಟೂ ಕಾಣುತ್ತದೆ, ಕ್ರಿಕೆಟ್ ಬಾಲಿನಷ್ಟೂ ಕಾಣುತ್ತದೆ. ಯಾರಿಗೂ ಉಪಯೋಗವಿಲ್ಲ. ಇದು ಮೊದಲನೇ ತಪ್ಪು.

ಆಮೇಲೆ ನೆನಪಾಗಿ ಟೇಪು ಹುಡುಕುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ನೆರಳಿನಲ್ಲಿ ಗೋಡೆ ಬುಡದಲ್ಲಿ ಉಳಿದಿದ್ದ ದೊಡ್ಡ ಕಲ್ಲುಗಳನ್ನು ಅಳೆದೆ: 28, 31, 34 ಮಿ.ಮೀ. ಕರಗಿ ಉಳಿದದ್ದು ಇಷ್ಟು ಅಂದರೆ ಬಿದ್ದಾಗ ಇನ್ನೂ ದೊಡ್ಡದಿತ್ತು. ಅವನ್ನು ಬಟ್ಟಲಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಬಟ್ಟಲಿನಲ್ಲಿ ನೀರಿತ್ತು. ಬೆಳಿಗ್ಗೆ ನೋಡಿದರೆ ಮೂರೂ ಅಂಟಿಕೊಂಡು ಒಂದೇ ಗಡ್ಡೆ! ಎರಡನೇ ತಪ್ಪು. ಒಣ ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದನ್ನೇ ಬೇರೆ ಕಟ್ಟಿ ಇಡಬೇಕಿತ್ತು.

ಕಲ್ಲಿನ ಅಳತೆಗೆ ಯಾಕಿಷ್ಟು ಒದ್ದಾಟ ಅಂದರೆ, ಮುಂದಿನ ಹುಡುಕಾಟವೆಲ್ಲ ಅದರ ಮೇಲೇ ನಿಂತಿದೆ. ಕಡಲೆಕಾಳಿನಷ್ಟು ಕಲ್ಲು ಬಿದ್ದಿದ್ದರೆ ಗಟ್ಟಿ ಚಾವಣಿಗೆ ಏನೂ ಆಗುವುದಿಲ್ಲ, ಬರೀ ಸದ್ದು. 25 ಮಿ.ಮೀ. ದಾಟಿದರೆ ಶಿಂಗಲ್ಸ್ ಬಗ್ಗೆ ಅನುಮಾನ ಪಡಬೇಕು. 25ರಿಂದ 45 ಮಿ.ಮೀ. ಗಾತ್ರದ ಕಲ್ಲು ಗಂಟೆಗೆ ಸುಮಾರು 40ರಿಂದ 65 ಕಿ.ಮೀ. ವೇಗದಲ್ಲಿ ಬಂದು ಹೊಡೆಯುತ್ತದೆ. ಗಾಳಿ ಇದ್ದರೆ ಇನ್ನೂ ಜಾಸ್ತಿ. 34 ಮಿ.ಮೀ. ಅಂದರೆ ನನ್ನ ಮೂರೂ ಚಾವಣಿಯನ್ನು ನೋಡಲೇಬೇಕು ಅಂತಾಯಿತು.

ಮೂರನೇ ತಪ್ಪು ದೊಡ್ಡದು. ಇನ್ನೂ ಸ್ವಲ್ಪ ಬೆಳಕಿದೆ ಅಂತ ಏಣಿ ಹಾಕಿ ಹಂಚಿನ ಮೇಲೆ ಹತ್ತಿದೆ. ಹಂಚು ಒದ್ದೆ, ಮೇಲೆ ಪಾಚಿ, ಕಾಲಲ್ಲಿ ಚಪ್ಪಲಿ. ಎರಡು ಸಲ ಜಾರಿದೆ. ಕಾಲ ಕೆಳಗೆ 'ಚಟ್' ಅಂತ ಮೂರ್ನಾಲ್ಕು ಸಲ ಕೇಳಿಸಿತು. ಹೆದರಿ ಇಳಿದುಬಿಟ್ಟೆ. ಬೀಳದೆ ಇಳಿದದ್ದು ನನ್ನ ಪುಣ್ಯ. ಆದರೆ ಹಂಚು ಒಡೆದದ್ದಕ್ಕಿಂತ ಇನ್ನೊಂದು ತಲೆನೋವು ಮಾಡಿಟ್ಟಿದ್ದೆ. ಆಲಿಕಲ್ಲು ಒಡೆದದ್ದು ಯಾವುದು, ನಾನು ಒಡೆದದ್ದು ಯಾವುದು ಅಂತ ಆಮೇಲೆ ಗೊತ್ತಾಗದ ಹಾಗೆ ಮಾಡಿಕೊಂಡಿದ್ದೆ.

ದಿನ 2: ನೆಲದ ಮೇಲೆ ನಿಂತೇ ನೋಡಿದ್ದು

ಇವತ್ತು ಏಣಿ ಮುಟ್ಟುವುದಿಲ್ಲ ಅಂತ ಶಪಥ. ಸಾಮಾನು: ಟೇಪು, ಚಾಕ್‌ಪೀಸ್, ಟಾರ್ಚು, ನೋಟ್‌ಬುಕ್ಕು, ದುರ್ಬೀನು. ಮನೆಯ ಸುತ್ತ ಎರಡು ಸುತ್ತು ಹಾಕಿದೆ.

ಗಟ್ಟಿ ವಸ್ತುವಿಗಿಂತ ಮೊದಲು ಮೆತ್ತನೆ ಲೋಹ ನೋಡಬೇಕು. ಹಂಚು ಬಾಯಿ ಬಿಡುವುದಿಲ್ಲ, ತೆಳು ಅಲ್ಯುಮಿನಿಯಂ ಎಲ್ಲಾ ಹೇಳಿಬಿಡುತ್ತದೆ. ಪಶ್ಚಿಮದ ಗೋಡೆಯಲ್ಲಿರುವ ಏಸಿಯ ಹೊರಗಿನ ಪೆಟ್ಟಿಗೆ ನೋಡಿದೆ. ಅದರ ತೆಳು ಎಲೆಗಳು ಅಲ್ಲಲ್ಲಿ ಬೆರಳಲ್ಲಿ ಒತ್ತಿದ ಹಾಗೆ ಮಡಚಿಕೊಂಡಿದ್ದವು. ಉತ್ತರದ ಗೋಡೆಯ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅಲ್ಲಿಗೆ ಕಲ್ಲು ಪಶ್ಚಿಮದಿಂದ ಓರೆಯಾಗಿ ಬಂದಿದೆ ಅಂತ ಗೊತ್ತಾಯಿತು. ಮೇಲೆ ಹತ್ತಿದಾಗ ಪಶ್ಚಿಮದ ಇಳಿಜಾರನ್ನು ಜಾಸ್ತಿ ಹೊತ್ತು ನೋಡಬೇಕು. ಪೂರ್ವದಲ್ಲಿ ಜಾಸ್ತಿ ಬಿರುಕು ಕಂಡರೆ ಅದಕ್ಕೆ ಬೇರೆ ಕಾರಣ ಇರಬಹುದು.

ಮಳೆನೀರು ಹರಿಯುವ ಅಲ್ಯುಮಿನಿಯಂ ದೋಣಿಯಲ್ಲಿ ನೆಗ್ಗು ಇದೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಚಾಕ್‌ಪೀಸ್. ಮಲಗಿಸಿ ಹಿಡಿದು ಲೋಹದ ಮೇಲೆ ಉಜ್ಜಿಕೊಂಡು ಹೋದರೆ ಸಮ ಇರುವ ಕಡೆ ಬಿಳಿ ಹತ್ತುತ್ತದೆ, ತಗ್ಗಿನಲ್ಲಿ ಹತ್ತುವುದಿಲ್ಲ. ಪೋರ್ಟಿಕೋದ ಕಡೆ ಕೈಗೆ ಎಟುಕುವ ಒಂದು ಮೀಟರ್ ಉದ್ದದಲ್ಲಿ 9 ದುಂಡು ಗುರುತು ಎದ್ದು ಕಂಡವು. ದೊಡ್ಡದು 22 ಮಿ.ಮೀ. ಅಗಲ. ನೆಗ್ಗಿನ ಅಗಲ ಕಲ್ಲಿನ ಅಗಲ ಅಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತದೆ.

ಇನ್ನೊಂದು ಗುರುತು ನನಗೆ ಹೊಸದು. ಹಳೇ ಕಾಂಪೌಂಡ್ ಗೋಡೆಯ ನೆತ್ತಿಯ ಮೇಲೆ ಪಾಚಿ ಕಪ್ಪಗೆ ಒಣಗಿ ಹಿಡಿದಿರುತ್ತದಲ್ಲ, ಅದರ ಮೇಲೆ ದುಂಡು ದುಂಡಾಗಿ ಸ್ವಚ್ಛ ಮಚ್ಚೆಗಳು. ಕಲ್ಲು ಬಡಿದ ಕಡೆ ಕೊಳೆ ಎದ್ದು ಹೋಗಿ ಕೆಳಗಿನ ಬಣ್ಣ ಕಂಡಿದೆ. ಮಾಸಿದ ಮೀಟರ್ ಪೆಟ್ಟಿಗೆಯ ಮೇಲೂ ಅದೇ. ಇದು ಹಾನಿಯಲ್ಲ, ಬರೀ ಸಾಕ್ಷಿ. ಬಿಸಿಲು ಮಳೆಗೆ ಕೆಲವು ವಾರ, ತಿಂಗಳಲ್ಲಿ ಮಾಸಿ ಹೋಗುತ್ತದೆ. ಆದ್ದರಿಂದ ಬೇಗ ಫೋಟೋ ತೆಗೆಯಬೇಕು, ಈ ಸಲ ಟೇಪು ಇಟ್ಟು.

ತಪ್ಪು ನಾಲ್ಕು ಇಲ್ಲೇ ಸಿಕ್ಕಿತು. ಪೋರ್ಟಿಕೋದ ನೀರಿನ ಪೈಪು ನೆಲಕ್ಕೆ ಬರುವ ಕಡೆ ಶಿಂಗಲ್ಸ್‌ನ ಕಲ್ಲುಹರಳು ಬಿದ್ದಿರಬೇಕು, ಎಷ್ಟು ಉದುರಿದೆ ನೋಡಬೇಕು ಅಂತ ಹೋದೆ. ಜಾಗ ಫಳಫಳ ಹೊಳೆಯುತ್ತಿತ್ತು. ಬೆಳಿಗ್ಗೆ ನಾನೇ ಪೈಪು ಹಿಡಿದು ಅಂಗಳ ತೊಳೆದಿದ್ದೆ! ಒಡೆದ ಹಂಚಿನ ಚೂರುಗಳನ್ನೂ ಗುಡಿಸಿ ಹಳ್ಳಕ್ಕೆ ಸುರಿದಾಗಿತ್ತು. ಪೈಪಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಅರ್ಧ ಚೊಂಬಿನಷ್ಟು ಹರಳು ಮಾತ್ರ ಉಳಿದಿತ್ತು. ಅದನ್ನು ಒಣಗಿಸಿ ಚೀಲದಲ್ಲಿಟ್ಟೆ. ಹಂಚಿನ ಚೂರುಗಳನ್ನು ಹಳ್ಳದಿಂದ ವಾಪಸ್ ಆರಿಸಿದೆ. ಅವು ಆಮೇಲೆ ಬಹಳ ಕೆಲಸಕ್ಕೆ ಬಂದವು.

ದಿನ 3: ಅಟ್ಟದಿಂದ

ಮಧ್ಯಾಹ್ನ 12 ಗಂಟೆಗೆ ಅಟ್ಟ ಹತ್ತಿ, ದೀಪ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ ಹತ್ತು ನಿಮಿಷ ಸುಮ್ನೆ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಹಂಚಿನ ನಡುವೆ ಬೆಳಕಿನ ಚುಕ್ಕೆಗಳು ಕಾಣತೊಡಗಿದವು. ಒಂದೊಂದಕ್ಕೂ ಹತ್ತಿರದ ರೀಪಿನ ಮೇಲೆ ಚಾಕ್‌ಪೀಸಿನಲ್ಲಿ ನಂಬರು. ಒಟ್ಟು 17.

ಹಂಚಿನ ಮನೆಯಲ್ಲಿ ಬೆಳಕು ಕಂಡದ್ದೆಲ್ಲ ತೂತಲ್ಲ. ಹಂಚು ಕಚ್ಚಿಕೊಳ್ಳುವ ಕಡೆ ಸಹಜವಾಗಿ ಸಣ್ಣ ಗೆರೆಯಂತೆ ಬೆಳಕು ಬರುತ್ತದೆ. ಅದು ಸಾಲಾಗಿ, ಒಂದೇ ಅಂತರದಲ್ಲಿ ಇರುತ್ತದೆ. ಹಂಚಿನ ಹೊಟ್ಟೆಯ ಮಧ್ಯೆ ಬೆಳಕು ಕಂಡರೆ ಅದು ಒಡಕು. ಹಾಗೆ ಬೇರೆ ಮಾಡಿದ ಮೇಲೆ 17ರಲ್ಲಿ ಉಳಿದದ್ದು 10.

ಮರದ ಮೇಲಿನ ಕಲೆಗಳಲ್ಲೂ ಎರಡು ಜಾತಿ. ಹಳೇ ಸೋರಿಕೆಯದ್ದು ಕಂದು ಬಣ್ಣದ ಅಂಚು ಕಟ್ಟಿ, ಉಂಗುರದೊಳಗೆ ಉಂಗುರ ಬಿಟ್ಟು ಒಣಗಿರುತ್ತದೆ. ಹೊಸದಕ್ಕೆ ಅಂಚಿಲ್ಲ, ಮುಟ್ಟಿದರೆ ತಂಪು. ಒಂದು ಕಡೆ ಪಕಾಸಿನ ತುದಿಯಲ್ಲಿ ಒದ್ದೆ ಇತ್ತು, ಮೇಲಿನ ಹಂಚು ಪೂರ್ತಿ ಗಟ್ಟಿ. ಟಾರ್ಚು ಹಿಡಿದು ಪಕಾಸಿನ ಗುಂಟ ಮೇಲಕ್ಕೆ ಹೋದರೆ 1.2 ಮೀಟರ್ ಮೇಲೆ ಒಡೆದ ಹಂಚು. ನೀರು ಮರ ಹಿಡಿದು ಇಳಿದಿತ್ತು.

ಎರಡು ಗಾಜಿನ ಹಂಚುಗಳಲ್ಲಿ ಪಶ್ಚಿಮದ್ದು ನಕ್ಷತ್ರದ ಹಾಗೆ ಸೀಳಿತ್ತು. ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಎಲ್ಲಾ ಹಂಚೂ ಗಾಜಿನದ್ದೇ ಆಗಿದ್ದರೆ ಈ ಬರಹ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ದಿನ 4: ಹಂಚಿನ ಮೇಲೆ, ಈ ಸಲ ಸರಿಯಾಗಿ

ಹಂಚು ಪೂರ್ತಿ ಒಣಗಿದ ಮೇಲೆ ಹತ್ತಿದೆ. ಸೂರಿನ ಎತ್ತರ 3.2 ಮೀ. ಏಣಿಯ ಬುಡ ಗೋಡೆಯಿಂದ 80 ಸೆಂ.ಮೀ. ದೂರ, ಅಂದರೆ ನಾಲ್ಕಕ್ಕೆ ಒಂದರ ಲೆಕ್ಕ. ಏಣಿಯ ತುದಿ ಸೂರಿಗಿಂತ ಒಂದು ಮೀಟರ್ ಮೇಲಕ್ಕೆ ಬರಬೇಕು, ಇಳಿಯುವಾಗ ಹಿಡಿದುಕೊಳ್ಳೋಕೆ. ಕೆಳಗೆ ಏಣಿ ಹಿಡಿಯೋಕೆ ತಮ್ಮ ನಿಂತ. ಸೊಂಟಕ್ಕೆ ಹಗ್ಗ, ಕಾಲಿಗೆ ರಬ್ಬರ್ ಅಡಿಯ ಶೂ. ಹಂಚಿನ ಮೇಲೆ ಹಲಗೆ ಹಾಸಿ ಅದರ ಮೇಲೆ ನಡೆದೆ. ಹಲಗೆ ಇಲ್ಲದ ಕಡೆ ಹಂಚಿನ ಕೆಳತುದಿಯ ಮೇಲೇ ಕಾಲಿಡಬೇಕು. ಅಲ್ಲಿ ಎರಡು ಹಂಚು ಒಂದರ ಮೇಲೊಂದು ಕೂತು ಅಡಿಯಲ್ಲಿ ರೀಪು ಇರುತ್ತದೆ. ಮಧ್ಯದಲ್ಲಿ ಕಾಲಿಟ್ಟರೆ ಕೆಳಗೆ ಏನೂ ಆಧಾರವಿಲ್ಲ. ಮೊದಲ ದಿನ ನಾನು ಮಾಡಿದ್ದು ಅದನ್ನೇ.

ಎರಡೂ ಇಳಿಜಾರಿನಲ್ಲಿ 3 ಮೀ. ಉದ್ದ, 3 ಮೀ. ಅಗಲದ ಒಂದೊಂದು ಚೌಕ ಚಾಕ್‌ಪೀಸಿನಲ್ಲಿ ಬರೆದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಾ ಹೋದರೆ ತಲೆ ಕೆಡುತ್ತದೆ. ಚೌಕದೊಳಗೆ ಒಂದೊಂದೇ ಸಾಲು ನೋಡಿದರೆ ಲೆಕ್ಕ ತಪ್ಪುವುದಿಲ್ಲ, ಎರಡು ಕಡೆಯನ್ನು ಹೋಲಿಸೋಕೂ ಬರುತ್ತದೆ. ಪಶ್ಚಿಮದ ಚೌಕದಲ್ಲಿ 14 ಗುರುತು, ಪೂರ್ವದಲ್ಲಿ 5. ಆಮೇಲೆ ಉಳಿದ ಹಂಚನ್ನೂ ನೋಡಿದೆ. ಸಂಜೆಗೆ ಒಟ್ಟು ಲೆಕ್ಕ 41. 'ಆಲಿಕಲ್ಲಿನಿಂದ ಹಾಳಾದ ಹಂಚು: 41' ಅಂತ ಬರೆದು ಅಡಿಗೆರೆ ಹಾಕಿದೆ. ಆ ಅಡಿಗೆರೆ ಒಂದು ದಿನವೂ ಉಳಿಯಲಿಲ್ಲ.

ದಿನ 5: ಮೇಸ್ತ್ರಿ ಬಂದರು, 41 ಇಳಿಯಿತು

ಹಂಚು ಹೊದಿಸುವ ಮೇಸ್ತ್ರಿ ಬಂದರು. ಅರವತ್ತು ದಾಟಿದವರು. ನನ್ನ ಪಟ್ಟಿ ನೋಡಿ, 'ಇಷ್ಟೂ ಆಲಿಕಲ್ಲೇ ಒಡೀತಾ ಸರ್? ಆಲಿಕಲ್ಲಿಗೆ ಅಷ್ಟೊಂದು ಕೆಲಸ ಹಚ್ಚಬೇಡಿ' ಅಂದರು. ನನ್ನ ಹಿಂದೆಯೇ ಹತ್ತಿ ಗುರುತು ಹಾಕಿದ ಒಂದೊಂದು ಹಂಚಿನ ಮುಂದೆಯೂ ಕೂತರು. ಮೊದಲ ಹಂಚಿನ ಬಿರುಕಿಗೆ ಉಗುರು ಹಾಕಿ ಕೆರೆದು ತೋರಿಸಿದರು. ಒಳಗೆ ಕಪ್ಪು ಕೊಳೆ, ಹಸಿರು ಪಾಚಿ.

'ಐದು ದಿನದಲ್ಲಿ ಪಾಚಿ ಬೆಳೆಯುತ್ತಾ ಸರ್?'

ಬೆಳೆಯುವುದಿಲ್ಲ. ಹಳ್ಳದಿಂದ ಆರಿಸಿ ತಂದಿದ್ದ ಚೂರುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಹೊಸ ಒಡಕಿನ ಅಂಚು ಇಟ್ಟಿಗೆ ಕೆಂಪು, ಚೂಪು, ಬೆರಳಿಗೆ ಪುಡಿ ಹತ್ತುತ್ತದೆ. ಹಳೇ ಒಡಕಿನ ಅಂಚು ಮೇಲ್ಮೈಯಷ್ಟೇ ಮಾಸಿರುತ್ತದೆ, ಮೂಲೆ ಸವೆದಿರುತ್ತದೆ. ಇಷ್ಟು ಸುಲಭದ ಗುರುತು ನಿನ್ನೆ ಇಡೀ ದಿನ ನನ್ನ ಕಣ್ಣ ಮುಂದೆ ಇತ್ತು. 'ಒಡೆದಿದೆ' ಅಂತ ಬರೆದುಕೊಂಡೆನೇ ಹೊರತು 'ಯಾವಾಗ ಒಡೆಯಿತು' ಅಂತ ಕೇಳಿಕೊಳ್ಳಲೇ ಇಲ್ಲ.

ಕಾಲು ಒಡೆದದ್ದಕ್ಕೂ ಕಲ್ಲು ಒಡೆದದ್ದಕ್ಕೂ ಇರುವ ವ್ಯತ್ಯಾಸ ಇನ್ನೂ ಸೂಕ್ಷ್ಮ. ಎರಡರ ಅಂಚೂ ಹೊಸದೇ. ಕಾಲಿನದು ಹಂಚಿನ ಮಧ್ಯೆ ಅಡ್ಡಕ್ಕೆ ಹೋಗುತ್ತದೆ, ಹೆಚ್ಚುಕಡಿಮೆ ನೇರ ಗೆರೆ. ಎರಡು ತುಂಡೂ ಜಾಗದಲ್ಲೇ ಇರುತ್ತವೆ. ಏಟು ಬಿದ್ದ ಬಿಂದು ಅಂತ ಎಲ್ಲೂ ಕಾಣುವುದಿಲ್ಲ. ಆಲಿಕಲ್ಲಿನದಕ್ಕೆ ಒಂದು ಕೇಂದ್ರ ಇರುತ್ತದೆ. ಅಲ್ಲಿಂದ ಎರಡು ಮೂರು ಬಿರುಕು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಅಥವಾ ಹಂಚಿನ ಕೆಳ ಅಂಚನ್ನು ಅರ್ಧಚಂದ್ರದ ಆಕಾರದಲ್ಲಿ ಕಚ್ಚಿದ ಹಾಗೆ ಎಗರಿಸಿರುತ್ತದೆ. ತೆಗೆದು ತಿರುವಿ ನೋಡಿದರೆ ಅಡಿಯಲ್ಲಿ ಮೇಲಿಗಿಂತ ಅಗಲವಾದ ಪದರ ಎದ್ದಿರುತ್ತದೆ. ಅಡ್ಡ ಬಿರುಕಿನ ನಾಲ್ಕು ಹಂಚು ಸಿಕ್ಕವು, ನಾಲ್ಕೂ ನಾನು ಮೊದಲ ದಿನ ಹತ್ತಿದ ದಾರಿಯಲ್ಲೇ ಸಾಲಾಗಿ. ಮೇಸ್ತ್ರಿ ಏನೂ ಅನ್ನಲಿಲ್ಲ. ನನ್ನ ಪಾದದ ಕಡೆ ಒಮ್ಮೆ ನೋಡಿ ಮುಂದಿನದಕ್ಕೆ ಹೋದರು.

ಇನ್ನು ಐದು ಹಂಚು ಒಡೆದೇ ಇರಲಿಲ್ಲ. ಪಾಚಿ ಎದ್ದುಹೋದ ದುಂಡು ಮಚ್ಚೆಯನ್ನು ನಾನು ಚಕ್ಕೆ ಎದ್ದಿದೆ ಅಂತ ಬರೆದಿದ್ದೆ. ಕಾಂಪೌಂಡಿನ ಮೇಲೆ ಹಾನಿಯಲ್ಲ ಅಂತ ನಾನೇ ಬರೆದುಕೊಂಡದ್ದು, ಚಾವಣಿಯ ಮೇಲೆ ಕಂಡ ಕೂಡಲೇ ಹಾನಿಯಾಗಿಬಿಟ್ಟಿತ್ತು.

ಹೊಸ ಲೆಕ್ಕ: ಆಲಿಕಲ್ಲಿನಿಂದ 23. ಹಳೆಯದು 9. ನನ್ನ ಕಾಲಿನಿಂದ 4. ಏನೂ ಆಗದ್ದು 5. ಗಾಜಿನ ಹಂಚು ಒಂದು ಬೇರೆ.

ವಿಮೆಯವರು ಅದೇ ದಿನ ಮಧ್ಯಾಹ್ನ ಬಂದರು. ಅವರು ಮೊದಲು ಹೋದದ್ದು ಚಾವಣಿಗಲ್ಲ, ಏಸಿ ಪೆಟ್ಟಿಗೆಗೆ. ಆಮೇಲೆ ದೋಣಿಗೆ. ಅಳತೆಪಟ್ಟಿ ಇಟ್ಟ ಫೋಟೋಗಳನ್ನು ತಗೊಂಡರು, ಮೊದಲ ದಿನದವನ್ನು ಬೇಡ ಅಂದರು. 23, 9, 4 ಅಂತ ಬಿಡಿಬಿಡಿಯಾಗಿ ಬರೆದ ಪಟ್ಟಿಯನ್ನೇ ಕೊಟ್ಟೆ. 41ರ ಪಟ್ಟಿ ಕೊಟ್ಟಿದ್ದರೆ ಪಾಚಿಯ ಪ್ರಶ್ನೆಗೆ ಅವರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು.

ದಿನ 6: ಹಂಚು ಬದಲಿಸಿದ್ದು, ಮತ್ತೊಂದು ಜಾಣತನ

ಕೆಟ್ಟದ್ದು ಯಾರಿಂದಲೇ ಕೆಟ್ಟಿರಲಿ, ಬದಲಿಸಬೇಕಾದದ್ದು 36. ಹಿತ್ತಿಲಲ್ಲಿ ಜೋಡಿಸಿಟ್ಟ ಹಳೇ ಹಂಚು 35 ಇದ್ದವು. ಒಂದಕ್ಕೆ ಎಲ್ಲಿ ಹೋಗೋದು ಅಂತ ಯೋಚಿಸಿ, 23ರಲ್ಲಿ ಸಣ್ಣ ಬಿರುಕು ಮಾತ್ರ ಇದ್ದ ಐದನ್ನು ಸಿಲಿಕೋನ್ ಅಂಟು ಹಚ್ಚಿ ಉಳಿಸೋಣ ಅಂದುಕೊಂಡೆ. ಮೇಸ್ತ್ರಿ 'ಬೇಡ' ಅಂದರು. ಅವರು ಅತ್ತ ಹೋದ ಮೇಲೆ ಹಚ್ಚಿದೆ.

ಬದಲಿಸುವ ಕೆಲಸ ಸುಲಭ. ಮೇಲಿನ ಸಾಲಿನ ಎರಡು ಹಂಚಿನ ಅಡಿಗೆ ಮರದ ಬೆಣೆ ಕೊಟ್ಟು ಎತ್ತಬೇಕು. ಒಡೆದದ್ದನ್ನು ಪಕ್ಕಕ್ಕೆ ಅಲುಗಿಸಿ ಕೆಳಕ್ಕೆ ಎಳೆಯಬೇಕು. ಹೊಸದನ್ನು ಒಳಕ್ಕೆ ತಳ್ಳಿ, ಅದರ ಹಿಂದಿನ ಮೂಗು ರೀಪಿಗೆ ಸಿಕ್ಕಿಕೊಳ್ಳುವ ತನಕ ಮೇಲಕ್ಕೆ ದೂಡಿ, ಮೆಲ್ಲಗೆ ಕೆಳಕ್ಕೆ ಬಿಡಬೇಕು. ಬೆಣೆ ತೆಗೆದ ಮೇಲೆ ಎರಡೂ ಬದಿ ಕಚ್ಚಿಕೊಂಡಿದೆಯೇ ಅಂತ ಕೈಯಾಡಿಸಿ ನೋಡಬೇಕು. ಒಂದಕ್ಕೆ ಆರೇಳು ನಿಮಿಷ. ಹಾಕುವ ಮುಂಚೆ ಪ್ರತಿ ಹಂಚನ್ನೂ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದೆವು. ಗಟ್ಟಿ ಹಂಚು 'ಟಣ್' ಅನ್ನುತ್ತದೆ, ಒಳಗೆ ಬಿರುಕಿದ್ದದ್ದು 'ಬದ್' ಅನ್ನುತ್ತದೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಅದೇ.

31 ಬದಲಾಯಿತು. ನಾಲ್ಕು ಹಂಚು ಮಿಕ್ಕಿತು. ಗಾಜಿನ ಹಂಚೂ ಹೊಸದಾಯಿತು.

ದಿನ 7: ತಗಡು ಮತ್ತು ಶಿಂಗಲ್ಸ್

ತಗಡನ್ನು ಮಧ್ಯಾಹ್ನ ನೋಡಿದರೆ ಏನೂ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾದಾಗ ನೋಡಬೇಕು, ಇಲ್ಲ ಟಾರ್ಚನ್ನು ಶೀಟಿನ ಮೇಲೆ ಮಲಗಿಸಿ ಬೆಳಕು ಬಿಡಬೇಕು. ಒಂದೊಂದು ನೆಗ್ಗೂ ನೆರಳು ಕಟ್ಟಿಕೊಂಡು ಏಳುತ್ತದೆ. ಆರು ಶೀಟಿನಲ್ಲಿ 60ಕ್ಕೂ ಜಾಸ್ತಿ. ಎದೆ ಧಸಕ್ ಅಂದಿತು. ಆದರೆ ಅಷ್ಟರಲ್ಲಿ ನೀರು ಒಳಗೆ ಬಿಡುವಂಥದ್ದು ಒಂದೂ ಇರಲಿಲ್ಲ. ಅಂದ ಕೆಟ್ಟಿದೆ, ಕೆಲಸ ಕೆಟ್ಟಿಲ್ಲ. ನಿಜವಾಗಿ ನೋಡಬೇಕಾದದ್ದು ಮೂರು ಕಡೆ. ನೆಗ್ಗಿನ ತಳದಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ? ಮೂರರಲ್ಲಿ ಬಿಟ್ಟಿತ್ತು, ಭೂತಗನ್ನಡಿ ಹಿಡಿದ ಮೇಲೆ ಕಂಡಿತು. ತೊಳೆದು ಒಣಗಿಸಿ ಅದೇ ಬಣ್ಣ ಹಚ್ಚಿದೆ. ಎರಡು ಶೀಟು ಸೇರುವ ಅಂಚು ಬಾಯಿ ಬಿಟ್ಟಿದೆಯೇ? ಒಂದು ಕಡೆ ಏಟು ಅಂಚಿಗೇ ಬಿದ್ದು 4 ಮಿ.ಮೀ. ತೆರೆದಿತ್ತು. ಸ್ಕ್ರೂವಿನ ರಬ್ಬರ್ ವಾಷರ್ ಸೀಳಿದೆಯೇ? ಎಂಟು ಸೀಳಿದ್ದವು. ಆದರೆ ಅವು ಬಿಸಿಲಿಗೆ ಒಣಗಿ ಸೀಳಿದ್ದು, ಕೈಯಲ್ಲಿ ಹಿಚುಕಿದರೆ ಪುಡಿ. ಆಲಿಕಲ್ಲಿನ ಲೆಕ್ಕಕ್ಕೆ ಬರೆಯಲಿಲ್ಲ.

ತೆರೆದ ಅಂಚಿನೊಳಗೆ ಬ್ಯೂಟೈಲ್ ಟೇಪು (ನೀರು ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಹಾಕಿ ಒಂದು ಸ್ಕ್ರೂ ಬಿಗಿದೆ. ಬಿಗಿದೆ ಅಂದರೆ ಜಾಸ್ತಿಯೇ ಬಿಗಿದೆ. ವಾಷರ್ ಪಕ್ಕಕ್ಕೆ ಉಬ್ಬಿ ಬಂತು. ಬಿಚ್ಚಿ, ಹೊಸ ವಾಷರ್ ಹಾಕಿ, ರಬ್ಬರ್ ಸ್ವಲ್ಪ ಒತ್ತಿಕೊಂಡ ಕೂಡಲೇ ನಿಲ್ಲಿಸಿದೆ.

ಮೂರರಲ್ಲಿ ಮೋಸ ಮಾಡುವುದು ಶಿಂಗಲ್ಸ್. ಪೋರ್ಟಿಕೋ 2.4 ಮೀ. ಉದ್ದ, 3.6 ಮೀ. ಅಗಲ, ಅದಕ್ಕೆ ಚೌಕ ಬರೆಯದೆ ಪೂರ್ತಿ ನೋಡಿದೆ. ಶಿಂಗಲ್ ಒಡೆಯುವುದಿಲ್ಲ, ಜಜ್ಜಿಹೋಗುತ್ತದೆ. ಏಟು ಬಿದ್ದ ಕಡೆ ಮೇಲಿನ ಹರಳು ಉದುರಿ ಅಥವಾ ಒಳಕ್ಕೆ ಒತ್ತಿಹೋಗಿ ದುಂಡು ಕಪ್ಪು ಮಚ್ಚೆ ಕಾಣುತ್ತದೆ. ಹೆಬ್ಬೆರಳಿಂದ ಒತ್ತಿದರೆ ಮಾಗಿದ ಹಣ್ಣು ಒತ್ತಿದ ಹಾಗೆ ಮೆತ್ತಗೆ. ಮಚ್ಚೆಗಳಿಗೆ ಕ್ರಮ ಇರುವುದಿಲ್ಲ, ಎಲ್ಲೆಂದರಲ್ಲಿ ಇರುತ್ತವೆ. ಕ್ರಮವಾಗಿ ಸಾಲಲ್ಲಿದ್ದರೆ ಅನುಮಾನ ಪಡಿ. ಒಂದು ಮೂಲೆಯಲ್ಲಿ ಉದ್ದುದ್ದ ಗೀರು ಇದ್ದವು, ಅದು ಮರದ ಕೊಂಬೆ ಉಜ್ಜಿದ್ದು. ಇನ್ನೊಂದು ಕಡೆ ಸಣ್ಣ ಸಣ್ಣ ಗುಳಿ, ಅಂಚು ಕಡಿದಾಗಿ, ತಳದಲ್ಲಿ ಒತ್ತಿದರೆ ಗಟ್ಟಿ. ಅದು ಬಿಸಿಲಿಗೆ ಗುಳ್ಳೆ ಎದ್ದು ಒಡೆದದ್ದು. ಬಣ್ಣವೂ ಹೇಳುತ್ತದೆ: ಹೊಸ ಏಟಿನ ಡಾಂಬರು ಕರಿ, ಹಳೆಯದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ನನಗೆ ಸಿಕ್ಕ ನಿಜವಾದ ಏಟು 12, ಏಳು ಶಿಂಗಲ್‌ಗಳಲ್ಲಿ. ಖಾತ್ರಿ ಮಾಡಿಕೊಳ್ಳಲು ಒಂದನ್ನು ಎತ್ತಿ ಅಡಿಯಿಂದ ನೋಡೋಣ ಅಂತ ಮಧ್ಯಾಹ್ನ ಎರಡು ಗಂಟೆಗೆ ಕೈ ಹಾಕಿದೆ. ಬಿಸಿಲಿಗೆ ಅಂಟುಪಟ್ಟಿ ಕರಗಿ ಕೆಳಗಿನ ಶಿಂಗಲ್ಲಿಗೆ ಹಿಡಿದಿತ್ತು. ಎಳೆದ ಕೂಡಲೇ ಚೆನ್ನಾಗಿದ್ದ ಆ ಕೆಳಗಿನದು ಅರ್ಧಕ್ಕೆ ಹರಿಯಿತು. ಕೆಟ್ಟದ್ದು ಎಂಟಾಯಿತು, ಎಂಟನೆಯದು ನನ್ನದು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ, ತಂಪಿನಲ್ಲಿ, ಚಪ್ಪಟೆ ಕಬ್ಬಿಣದ ಪಟ್ಟಿ ಒಳಗೆ ತೂರಿಸಿ ಮೆಲ್ಲಗೆ ಬಿಡಿಸಿದರೆ ಚೆನ್ನಾಗಿ ಎದ್ದು ಬಂತು. ಅಡಿಯಲ್ಲಿ ಏಟಿನ ಜಾಗಕ್ಕೆ ಸರಿಯಾಗಿ ನಾರಿನ ಹಾಳೆ ಸೀಳಿತ್ತು. ಸೀಳಿದ್ದರೆ ಬದಲಿಸಲೇಬೇಕು. ಎಂಟಕ್ಕೂ ಹೊಸದು ಹಾಕಿದೆ. ಒಂದೊಂದಕ್ಕೆ ನಾಲ್ಕು ಮೊಳೆ. ಹೊಸ ಕಟ್ಟಿನ ಮೇಲೆ ಯುಎಲ್ 2218, ಕ್ಲಾಸ್ 4 ಅಂತಿತ್ತು. ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿಯಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸಿ ಮಾಡುವ ಪರೀಕ್ಷೆ ಅದು. ಸುತ್ತ ಹಳೇ ಶಿಂಗಲ್ಸ್ ಇರುವಾಗ ನಡುವೆ ಎಂಟು ಗಟ್ಟಿ ತುಂಡು ಹಾಕಿ ಏನು ಸಾಧಿಸಿದೆನೋ ನನಗೇ ಗೊತ್ತಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಅದೇ.

ದಿನ 8: ಮಳೆ

ರಾತ್ರಿ ಒಂದು ಗಂಟೆ ಜೋರು ಮಳೆ. ಟಾರ್ಚು ಹಿಡಿದು ಅಟ್ಟಕ್ಕೆ ಹೋದರೆ ಮೂರು ಕಡೆ ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಎರಡು, ಸಿಲಿಕೋನ್ ಹಚ್ಚಿದ ಹಂಚುಗಳದ್ದೇ. ಹಳೇ ಹಂಚು ದೂಳು ಹೀರಿಕೊಂಡು ಕೂತಿರುತ್ತದೆ, ನೀರನ್ನೂ ಹೀರುತ್ತದೆ. ಸಿಲಿಕೋನ್ ಹಿಡಿದುಕೊಂಡದ್ದು ಆ ದೂಳನ್ನು, ಹಂಚನ್ನಲ್ಲ. ಬೆಳಿಗ್ಗೆ ಉಗುರಲ್ಲಿ ಎಳೆದರೆ ಪಟ್ಟಿಯಾಗಿ ಎದ್ದು ಬಂತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ನಕ್ಕರು, ಅಷ್ಟೇ.

ಮೂರನೆಯದರ ಮೇಲೆ ಮಾತ್ರ ಒಡೆದ ಹಂಚೇ ಇರಲಿಲ್ಲ.

ದಿನ 9: ನೀರು ಚಿಮುಕಿಸಿ ಹುಡುಕಿದ್ದು

ಮೇಸ್ತ್ರಿ ಹೇಳಿಕೊಟ್ಟ ಉಪಾಯ. ಒಣ ಬಿಸಿಲಿನಲ್ಲಿ ಪಶ್ಚಿಮದ ಇಳಿಜಾರಿಗೆ ಸಾಲು ಸಾಲಾಗಿ ತೆಳುವಾಗಿ ನೀರು ಚಿಮುಕಿಸಿ ಕಾಯುತ್ತಾ ಕೂರುವುದು. ಹಂಚಿನ ಮೈ ಹತ್ತು ಹದಿನೈದು ನಿಮಿಷದಲ್ಲಿ ಒಣಗುತ್ತದೆ. ಕೂದಲೆಳೆ ಬಿರುಕು ಇದ್ದರೆ ಅದರೊಳಗಿನ ನೀರು ಬೇಗ ಒಣಗುವುದಿಲ್ಲ. ಸುತ್ತಲೂ ಬಣ್ಣ ತಿಳಿಯಾದ ಮೇಲೂ ಕಪ್ಪು ದಾರ ಇಟ್ಟ ಹಾಗೆ ಗೆರೆ ಉಳಿಯುತ್ತದೆ. ಆ ಗೆರೆ ಉಳಿಯುವುದು ಎರಡು ಮೂರು ನಿಮಿಷ ಮಾತ್ರ. ಚಾಕ್‌ಪೀಸ್ ಕೈಯಲ್ಲಿ ಹಿಡಿದೇ ಕೂರಬೇಕು.

ಮೊದಲ ಪ್ರಯತ್ನ ಕೆಟ್ಟಿತು. ಪೈಪಿನಲ್ಲಿ ಜಾಸ್ತಿ ನೀರು ಬಿಟ್ಟೆ, ಎಲ್ಲಾ ಹಂಚೂ ನೆನೆದು ಒಂದು ಗಂಟೆ ಕಪ್ಪಗೇ ಇತ್ತು. ಎರಡನೇ ಸಲ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿ ತಂದೆ. ಕೆಲಸ ನಿಧಾನ, ಇಡೀ ಇಳಿಜಾರಿಗೆ ಐದು ಗಂಟೆ. ಆರು ಹಂಚು ಸಿಕ್ಕವು. ಆರಕ್ಕೆ ಆರೂ ನಾನು ಮೂರು ಸಲ ನೋಡಿ 'ಚೆನ್ನಾಗಿದೆ' ಅಂತ ಬಿಟ್ಟವು. ತಟ್ಟಿದರೆ ಆರೂ 'ಬದ್'. ಹೊಸ ಹಂಚು ಹಾಕುವಾಗ ಅಷ್ಟು ಶ್ರದ್ಧೆಯಿಂದ ತಟ್ಟಿದವನು ಚಾವಣಿಯ ಮೇಲೆ ಇದ್ದದ್ದನ್ನು ಒಂದೂ ತಟ್ಟಿರಲಿಲ್ಲ.

ಆಲಿಕಲ್ಲಿನ ಲೆಕ್ಕ 23ರಿಂದ 29ಕ್ಕೆ ಏರಿತು. ವಿಮೆಯವರಿಗೆ ಫೋಟೋ ಸಮೇತ ತಿಳಿಸಿದೆ. ಬದಲಿಸಬೇಕಾದದ್ದು ಒಟ್ಟು 42. ದಿನ 4ರಂದು ಅಡಿಗೆರೆ ಹಾಕಿದ 41ಕ್ಕೆ ಎಷ್ಟು ಹತ್ತಿರ ನೋಡಿ! ನೋಟ್‌ಬುಕ್ಕು ನೋಡಿದವರು ಮೊದಲೇ ಸರಿಯಾಗಿ ಎಣಿಸಿದ್ದಾನೆ ಅಂದುಕೊಳ್ಳಬೇಕು. ಹಂಚುಗಳೇ ಬೇರೆ.

ದಿನ 10 ಮತ್ತು 11: ಹಂಚು ಸಾಲದೆ

ಬೇಕಿದ್ದದ್ದು ಇನ್ನೂ 11: ಸಿಲಿಕೋನ್ ಹಚ್ಚಿದ ಐದು, ಈಗ ಸಿಕ್ಕ ಆರು. ಇದ್ದದ್ದು ನಾಲ್ಕು. ಏಳು ಹೊಸದು ತಂದೆ. ನೋಡೋಕೆ ಒಂದೇ ಥರ, ಆದರೆ ಅಚ್ಚು ಬೇರೆ. ಹಳೆಯದರ ಪಕ್ಕ ಇಟ್ಟರೆ ಕಚ್ಚುವ ಕಡೆ 6 ಮಿ.ಮೀ. ಸಂದು. ತರುವ ಮುಂಚೆ ಒಂದು ಹಳೇ ಹಂಚು ಹಿಡಿದುಕೊಂಡು ಹೋಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಹಿತ್ತಿಲಲ್ಲಿ ಸೌದೆ ಇಡುವ ಸಣ್ಣ ಕೊಟ್ಟಿಗೆ ಇದೆ, ಅದಕ್ಕೂ ಮನೆಯದೇ ಹಂಚು. ಅದರ ನೆತ್ತಿಯ ಸಾಲಿನಲ್ಲಿ ಇದ್ದದ್ದೇ ಏಳು ಹಂಚು. ಅವನ್ನು ಬಿಚ್ಚಿ ಮನೆಗೆ ತಂದು, ಆ ಸಾಲಿಗೆ ಪೂರ್ತಿ ಹೊಸದು ಹಾಕಿದೆ. ಹೊಸದಕ್ಕೆ ಹೊಸದು ಸರಿಯಾಗಿ ಕಚ್ಚಿಕೊಂಡಿತು. ಕೆಳಗಿನ ಹಳೇ ಸಾಲಿನ ಮೇಲೆ ಕೂರುವ ಕಡೆ ಸ್ವಲ್ಪ ಎದ್ದಿದೆ, ಸೌದೆಗೆ ಪರವಾಗಿಲ್ಲ. ಬಿಚ್ಚಿದ ಏಳನ್ನೂ ತಟ್ಟಿದೆ. ಏಳೂ 'ಟಣ್'.

ದಿನ 12

ಮಧ್ಯಾಹ್ನ ಮಳೆ ಬಂತು, ಮುಕ್ಕಾಲು ಗಂಟೆ. ಅಟ್ಟದಲ್ಲಿ ಕೂತು ಒಂದೊಂದೇ ನಂಬರು ನೋಡಿದೆ. ಎಲ್ಲಾ ಒಣಗಿದೆ. ತಗಡಿನ ಕೆಳಗೂ, ಪೋರ್ಟಿಕೋದ ಕೆಳಗೂ ಏನಿಲ್ಲ.

ಇಳಿಯುವ ಮುಂಚೆ ಸುಮ್ನೆ ನೆತ್ತಿಯ ಮರಕ್ಕೆ ಟಾರ್ಚು ಬಿಟ್ಟೆ. ಒಂದು ಕಡೆ ಅಂಗೈಯಗಲ ತಂಪು, ಅಂಚಿಲ್ಲದ ಕಲೆ. ಅಲ್ಲಿ ಹಂಚು ಒಡೆದಿಲ್ಲ, ತಟ್ಟಿಯೂ ಆಗಿದೆ. ನೆತ್ತಿಯ ಹಂಚನ್ನು ಕೂರಿಸಿದ ಗಾರೆ ಅದುರಿ ಬಿಟ್ಟುಕೊಂಡಿದೆಯೋ ಏನೋ. ಅದು ಆಲಿಕಲ್ಲಿನ ಲೆಕ್ಕವೋ, ಹಳೇ ಲೆಕ್ಕವೋ, ಬೆಣೆ ಕೊಟ್ಟು ಎತ್ತಿದಾಗ ನಾನು ಮಾಡಿದ್ದೋ, ನಾಳೆ ಬಿಸಿಲು ಬಂದ ಮೇಲೆ ಹತ್ತಿ ಅಂಚಿನ ಬಣ್ಣ ನೋಡಬೇಕು.